ಪಾತ್ರದ ಕೈಗೆ ಶಕ್ತಿ ಕೊಡುವ ಮುನ್ನ

ಕಥೆಯಲ್ಲಿ ಯಾರಿಗಾದರೂ ಅಧಿಕಾರವೋ ಅತಿಮಾನುಷ ಶಕ್ತಿಯೋ ಸಿಗುವ ಭಾಗಕ್ಕೆ ಕೈಹಾಕುವ ಮುಂಚೆ ನಾನು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುತ್ತೇನೆ. ಕೊಟ್ಟವರು ಯಾರು? ಯಾವ ಕಟ್ಟುಪಾಡಿನ ಮೇಲೆ? ಬಳಸಿದ ಮೇಲೆ ಹಿಂದಕ್ಕೆ ಪಡೆಯುವುದು ಹೇಗೆ? ತಪ್ಪಿದರೆ ಪೆಟ್ಟು ಯಾರಿಗೆ? ಮೂರನೆಯದಕ್ಕೆ ಉತ್ತರ ಹೊಳೆಯುವ ತನಕ ಬರೆಯಲು ಕೂರುವುದಿಲ್ಲ.

ಇದಕ್ಕೆ ಮಹಾಭಾರತದ ಸೌಪ್ತಿಕ ಪರ್ವಕ್ಕಿಂತ ಒಳ್ಳೆಯ ಪಾಠ ಇಲ್ಲ. ಬ್ರಹ್ಮಶಿರಾಸ್ತ್ರ ಅರ್ಜುನನಿಗೂ ಗೊತ್ತು, ಅಶ್ವತ್ಥಾಮನಿಗೂ ಗೊತ್ತು. ಮನುಷ್ಯರ ಮೇಲೆ ಬಿಡಕೂಡದೆಂದು ದ್ರೋಣ ಮಗನಿಗೆ ಹೇಳಿಯೇ ಕೊಟ್ಟಿದ್ದ. ಆದರೂ ಅವನು ಹುಲ್ಲುಕಡ್ಡಿಯೊಂದನ್ನು ಮಂತ್ರಿಸಿ ಬಿಟ್ಟ. ಅರ್ಜುನನೂ ಎದುರು ಬಿಟ್ಟ. ನಾರದ, ವ್ಯಾಸರು ನಡುವೆ ಬಂದಾಗ ಅರ್ಜುನ ಹಿಂತೆಗೆದುಕೊಂಡ. ಅಶ್ವತ್ಥಾಮನಿಗೆ ಅದು ಆಗಲಿಲ್ಲ, ಪಾಂಡವ ಸ್ತ್ರೀಯರ ಗರ್ಭದತ್ತ ತಿರುಗಿಸಿದ. ಅಸ್ತ್ರ ಒಂದೇ ಆದರೂ ಇಬ್ಬರೂ ಎಂಥವರೆಂದು ತಿಳಿಯುವುದು ಹಿಂತೆಗೆಯುವ ಹೊತ್ತಿನಲ್ಲಿ.

ಇನ್ನು ಹೊಣೆ ಹೆಗಲೇರುವ ದೃಶ್ಯ. ಶಕ್ತಿಯನ್ನು ಕೆಟ್ಟದ್ದಕ್ಕೆ ಬಳಸಿದ್ದಕ್ಕಿಂತ, ಬಳಸಬೇಕಾದಾಗ ಬಳಸದೆ ಬಿಟ್ಟದ್ದು ಹೆಚ್ಚು ಕಾಡುತ್ತದೆ. ಆ ಬಿಡುವಿಕೆ ಚಿಕ್ಕದಿರಬೇಕು, ಓದುಗರೂ ತಲೆಯಾಡಿಸುವಂತಿರಬೇಕು. ಪಾತ್ರ ಊರಿನ ನೀರುಗಂಟಿ ಎಂದಿಟ್ಟುಕೊಳ್ಳಿ. ವಾಲ್ವಿನ ಕೀಲಿ ಅವನ ಸೊಂಟದಲ್ಲಿದೆ, ಬೆಳಗಿನಿಂದ ಉಂಡಿಲ್ಲ. ‘ಮೇಲಿನ ಕೇರಿಗೆ ನಾಳೆ ಬಿಟ್ಟರಾಯ್ತು’ ಅಂದುಕೊಂಡು ಮನೆಗೆ ಹೋಗುತ್ತಾನೆ. ಅಷ್ಟೇ ಸಾಕು, ಲಂಚ ಗಿಂಚ ತರಬಾರದು. ತಂದರೆ ಅವನು ಖಳನಾಗುತ್ತಾನೆ, ಓದುಗರು ದೂರ ಸರಿಯುತ್ತಾರೆ. ಪೆಟ್ಟು ತಿನ್ನುವವರು ಅದಕ್ಕೂ ಮುಂಚೆ ಕನಿಷ್ಠ ಎರಡು ಸಲ, ಬೇರೆಯೇ ಕೆಲಸದ ಮೇಲೆ ಕಾಣಿಸಿಕೊಂಡಿರಬೇಕು. ಸಾಯಲೆಂದೇ ಕರೆತಂದವರಿಗಾಗಿ ಯಾರೂ ಮರುಗುವುದಿಲ್ಲ. ಸಣ್ಣಕಥೆಯಲ್ಲಿ ತಪ್ಪಿಗೂ ಫಲಕ್ಕೂ ನಡುವೆ ಎರಡು ಪುಟ ಸಾಕು. ಕಾದಂಬರಿಯಲ್ಲಾದರೆ ಓದುಗರು ಆ ಕೀಲಿಯನ್ನೇ ಮರೆಯುವಷ್ಟು, ಮೂರ್ನಾಲ್ಕು ಅಧ್ಯಾಯ ಬೇಕು.

ಹೆಚ್ಚಿನ ಕರಡುಗಳು ಕೆಡುವುದು ಹಿರಿಯರ ಉಪದೇಶದಿಂದ. 1962ರ ಸ್ಪೈಡರ್‌ಮ್ಯಾನ್‌ನ ಮೊದಲ ಕಾಮಿಕ್ಸ್ ಕಥೆಯಲ್ಲಿ ಹುಡುಗ ಓಡುವ ಕಳ್ಳನನ್ನು ತಡೆಯದೆ ಬಿಡುತ್ತಾನೆ, ಅದೇ ಕಳ್ಳ ಮುಂದೆ ಹುಡುಗನನ್ನು ಸಾಕಿದ ಬೆನ್ ಅಂಕಲ್‌ನನ್ನು ಕೊಲ್ಲುತ್ತಾನೆ. ದೊಡ್ಡ ಶಕ್ತಿಯ ಜೊತೆ ದೊಡ್ಡ ಹೊಣೆಯೂ ಬರಬೇಕೆಂಬ ಮಾತು ಅಲ್ಲಿ ಅಂಕಲ್‌ನ ಬಾಯಲ್ಲಿಲ್ಲ. ಎಲ್ಲ ಮುಗಿದ ಮೇಲೆ, ಕೊನೆಯ ಚೌಕದಲ್ಲಿ, ನಿರೂಪಣೆಯಾಗಿ ಬರುತ್ತದೆ. ಆ ಕ್ರಮವನ್ನು ನಾನು ಬಿಡುವುದಿಲ್ಲ.

ಕರಡು ಮುಗಿದ ಮೇಲೆ ‘ಹೊಣೆ’, ‘ಕರ್ತವ್ಯ’ ಎಂಬ ಪದಗಳಿರುವ ಸಾಲುಗಳನ್ನೆಲ್ಲ ಹೊಡೆದುಹಾಕಿ ಓದುತ್ತೇನೆ. ಕಥೆ ಬಡವಾದರೆ ಆ ಸಾಲುಗಳನ್ನು ಮತ್ತೆ ಸೇರಿಸುವುದಿಲ್ಲ, ನೀರುಗಂಟಿ ಮನೆಗೆ ಹೊರಟ ದೃಶ್ಯವನ್ನೇ ತಿದ್ದುತ್ತೇನೆ.