ಮುಂದಿನ ಚಕ್ರ ನೋಡಿ ಕೊಂಡ ಸ್ಟ್ರಾಲರ್

ಮಗುವನ್ನು ಕೂರಿಸಿಕೊಂಡು ಓಡಲು ಸ್ಟ್ರಾಲರ್, ಅಂದರೆ ಮಕ್ಕಳ ತಳ್ಳುಗಾಡಿ, ಹುಡುಕುತ್ತಿರುವ ಗೆಳತಿಯರು ನನ್ನನ್ನು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಅದಕ್ಕೆ ಉತ್ತರಿಸುವ ಮೊದಲು ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಮಗುವಿಗೆ ಎಷ್ಟು ತಿಂಗಳು? ನೀವು ಓಡುವ ದಾರಿ ಎಂಥದ್ದು? ಇವೆರಡು ಗೊತ್ತಾದ ಮೇಲೆ ನೋಡಬೇಕಾದದ್ದು ಮುಂದಿನ ಚಕ್ರ, ಅದಾದ ಮೇಲೆ ಬ್ರೇಕು. ಬಣ್ಣ, ಲೋಟ ಇಡುವ ಜಾಗ, ಒಂದೇ ಕೈಯಲ್ಲಿ ಮಡಚಲು ಬರುತ್ತದೆಯೇ ಎಂಬುದೆಲ್ಲ ಆಮೇಲಿನ ಮಾತು. ನಾನು ಕೊಂಡದ್ದು ಹೀಗೆಯೇ. ಈಗಲೂ ಯಾರಾದರೂ ಕೇಳಿದರೆ ಹೇಳುವುದೂ ಇದನ್ನೇ.

ನಾನಿರುವುದು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ. ಓಡುವುದು ಸ್ಟೀವನ್ಸ್ ಕ್ರೀಕ್ ಹಾದಿಯಲ್ಲಿ. ಹೆಸರೇ ಹೇಳುವಂತೆ ಇದು ತೊರೆಯ ಪಕ್ಕದಲ್ಲಿ ಸಾಗುವ ಹಾದಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಂಚಿನ ಶೋರ್‌ಲೈನ್ ಪಾರ್ಕಿನಿಂದ ಊರಿನ ದಕ್ಷಿಣದ ತುದಿಯವರೆಗೆ ಸುಮಾರು ಐದು ಮೈಲಿ ಇದೆ. ಕಾರುಗಳ ಕಾಟವಿಲ್ಲ, ಬಹುಪಾಲು ಡಾಂಬರು. ಆದರೆ ಹೆದ್ದಾರಿಯನ್ನೂ ರೈಲುಹಳಿಯನ್ನೂ ದಾಟಿಸುವ ಮೇಲ್ಸೇತುವೆಗಳಿವೆ. ಅಲ್ಲಿ ಏರುವಾಗ ತೊಡೆ ಉರಿಯುತ್ತದೆ. ಇಳಿಯುವಾಗ ಗಾಡಿಯೇ ನಮ್ಮನ್ನು ಎಳೆದುಕೊಂಡು ಹೋಗಲು ನೋಡುತ್ತದೆ. ಕೊಲ್ಲಿಯ ಕಡೆಯಿಂದ ಮಾಫೆಟ್ ಫೀಲ್ಡ್ ವಿಮಾನ ನೆಲೆಯ ಹಿಂಬದಿಗೆ ತಿರುಗಿದರೆ ಜಲ್ಲಿಪುಡಿಯ ಏರಿ ಸಿಗುತ್ತದೆ. ಅಂದರೆ ನನಗೆ ಬೇಕಾಗಿದ್ದದ್ದು ಇಳಿಜಾರಿನಲ್ಲಿ ಹಿಡಿತಕ್ಕೆ ಸಿಗುವ, ಜಲ್ಲಿಯಲ್ಲಿ ಮಗುವನ್ನು ಕುಲುಕದ ಗಾಡಿ.

ಈ ಬಗೆಯ ಗಾಡಿ ಹುಟ್ಟಿದ್ದೇ ಒಬ್ಬ ಓಟಗಾರ ಅಪ್ಪನಿಂದ. ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಪತ್ರಕರ್ತರಾಗಿದ್ದ ಫಿಲ್ ಬೇಕ್ಲರ್ 1984ರಲ್ಲಿ ತಮ್ಮ ಮಗನ ಜೊತೆ ಓಡಲೆಂದು ಸ್ಟ್ರಾಲರಿಗೆ ಸೈಕಲ್ ಚಕ್ರಗಳನ್ನು ಜೋಡಿಸಿದರು. ಮುಂದೆ ಅದೇ ಬೇಬಿ ಜಾಗರ್ ಕಂಪನಿಯಾಯಿತು. ಓಟದ ಸ್ಟ್ರಾಲರಿನ ಮೂಲ ಲಕ್ಷಣ ಇವತ್ತಿಗೂ ಬದಲಾಗಿಲ್ಲ: ಮೂರು ಚಕ್ರ, ಒಳಗೆ ಟ್ಯೂಬಿರುವ ಗಾಳಿ ತುಂಬಿದ ಟೈರು, ಉದ್ದನೆಯ ಮೈಕಟ್ಟು. ಅಂಗಡಿಗಳಲ್ಲಿ ಮೂರು ಚಕ್ರದ್ದೆಲ್ಲ ಜಾಗಿಂಗ್ ಸ್ಟ್ರಾಲರ್ ಎಂಬಂತೆ ಇಟ್ಟಿರುತ್ತಾರೆ. ಹಾಗೇನಿಲ್ಲ. ಕೆಲವು ಬರೀ ನೋಟಕ್ಕೆ ಹಾಗಿರುತ್ತವೆ. ಓಡುವಾಗ ಬಳಸಬಾರದು ಎಂದು ಅವುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ಕೊಳ್ಳುವ ಮುನ್ನ ಕೈಪಿಡಿಯ ಆ ಪುಟವನ್ನು ಓದಲೇಬೇಕು.

ಈಗ ಮುಂದಿನ ಚಕ್ರಕ್ಕೆ ಬರುತ್ತೇನೆ. ನಡೆಯುವಾಗ ಅದು ಸುತ್ತಲೂ ತಿರುಗುವಂತಿದ್ದರೆ ಅನುಕೂಲ. ಅಂಗಡಿಯ ಸಂದಿಯಲ್ಲಿ, ಲಿಫ್ಟಿನಲ್ಲಿ ಬೇಕಾದ ಕಡೆ ಹೊರಳುತ್ತದೆ. ಆದರೆ ಓಡುವಾಗ ಅದೇ ಚಕ್ರ ಅಪಾಯಕಾರಿ. ವೇಗ ಏರಿದಂತೆ ತಿರುಗುವ ಚಕ್ರ, ಅಂಗಡಿಯ ತಳ್ಳುಗಾಡಿಯ ಹಾಳಾದ ಚಕ್ರದಂತೆ, ಎಡಕ್ಕೂ ಬಲಕ್ಕೂ ಥರಥರ ನಡುಗಲು ಶುರುಮಾಡುತ್ತದೆ. ಒಂದು ಗೋಲಿಗಾತ್ರದ ಕಲ್ಲೋ ಡಾಂಬರಿನ ಸೀಳೋ ಸಿಕ್ಕರೆ ಸಾಕು, ಚಕ್ರ ಅಡ್ಡಕ್ಕೆ ಹೊರಳುತ್ತದೆ, ಗಾಡಿ ಗಕ್ಕನೆ ನಿಂತು ಮುಗ್ಗರಿಸುತ್ತದೆ. ಅದಕ್ಕೇ ಓಟಕ್ಕೆ ಚಕ್ರ ನೇರಕ್ಕೆ ಬಿಗಿದು ನಿಲ್ಲಬೇಕು. ಹುಟ್ಟಿನಿಂದಲೇ ಬಿಗಿಯಾಗಿರುವ ಮಾದರಿಗಳಿವೆ, ಅವು ಬರೀ ಓಟಕ್ಕೆ. ಬೇಕಾದಾಗ ಬಿಗಿದು ಬೇಡವಾದಾಗ ಬಿಡುವ ಮಾದರಿಗಳೂ ಇವೆ. ದಿನಸಿ ಅಂಗಡಿಗೂ ಅದೇ ಗಾಡಿ ಹೋಗಬೇಕಾದ್ದರಿಂದ ನಾನು ಎರಡನೆಯದನ್ನು ಆರಿಸಿಕೊಂಡೆ. ಬಿಗಿದ ಚಕ್ರದಲ್ಲಿ ತಿರುವು ತೆಗೆದುಕೊಳ್ಳುವುದಕ್ಕೆ ಒಂದು ರೂಢಿ ಬೇಕು. ಹ್ಯಾಂಡಲನ್ನು ತುಸು ಒತ್ತಿ, ಮುಂದಿನ ಚಕ್ರವನ್ನು ನೆಲದಿಂದ ಬೆರಳಗಲ ಎತ್ತಿ, ಹಿಂದಿನ ಎರಡು ಚಕ್ರಗಳ ಮೇಲೆ ಹೊರಳಿಸಬೇಕು. ಮೊದಲು ಖಾಲಿ ಗಾಡಿಯಲ್ಲಿ ಕಲಿತರೆ ಒಳ್ಳೆಯದು.

ಮಗುವಿನ ವಯಸ್ಸಿನ ಬಗ್ಗೆ ಯಾರೂ ಅವಸರ ಮಾಡಬಾರದು ಎಂದು ನಾನು ಕೈಮುಗಿದು ಹೇಳುತ್ತೇನೆ. ಸಾಗರದಲ್ಲಿರುವ ನನ್ನ ಅಮ್ಮನಿಗೆ ವೀಡಿಯೊ ಕರೆಯಲ್ಲಿ ಈ ಯೋಚನೆ ಹೇಳಿದಾಗ ಅವರು ಕೇಳಿದ್ದು, "ಕತ್ತು ನಿಂತಿದೆಯೇನೇ?" ನಿಂತಿದೆ ಅಮ್ಮ ಎಂದೆ. "ಕತ್ತು ನಿಂತರೆ ಸಾಲದು ಕಣೇ, ಸೊಂಟವೂ ನಿಲ್ಲಲಿ. ತಾನಾಗಿ ಕೂರುವವರೆಗೆ ಕುಲುಕಬೇಡ" ಎಂದರು. ನಮ್ಮ ಮಕ್ಕಳ ವೈದ್ಯರು ಹೇಳಿದ್ದರ ತಾತ್ಪರ್ಯವೂ ಇದೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕನಿಷ್ಠ ಆರು ತಿಂಗಳು ತುಂಬುವವರೆಗೆ ಓಟ ಬೇಡ ಎನ್ನುತ್ತದೆ. ಕೆಲವು ತಯಾರಕರು ಎಂಟು ತಿಂಗಳು ಎಂದೇ ಬರೆಯುತ್ತಾರೆ. ಕಾರಿನ ಸೀಟನ್ನು ಸ್ಟ್ರಾಲರಿಗೆ ಸಿಕ್ಕಿಸುವ ಅಡಾಪ್ಟರ್ ಸಿಗುತ್ತದೆ, ಅದರಿಂದ ಎಳೆಮಗುವನ್ನೂ ಕರೆದುಕೊಂಡು ಹೋಗಬಹುದು. ಆದರೆ ಅದು ನಡಿಗೆಗೆ ಮಾತ್ರ, ಓಟಕ್ಕಲ್ಲ. ತಾಯಿಯ ಮೈಗೂ ಸಮಯ ಬೇಕು. ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಹೊರತಂದ ಮಾರ್ಗಸೂಚಿ ಹೆರಿಗೆಯಾದ ಮೂರು ತಿಂಗಳವರೆಗೆ ಓಟವನ್ನೇ ಬೇಡ ಎನ್ನುತ್ತದೆ. ನಾನು ಮೊದಲು ಒಬ್ಬಳೇ ನಡೆದು, ಆಮೇಲೆ ಒಬ್ಬಳೇ ನಿಧಾನವಾಗಿ ಓಡಿ, ಮಗಳು ನೆಟ್ಟಗೆ ಕೂರಲು ಕಲಿತ ಮೇಲೆ ಅವಳನ್ನು ಜೊತೆಗೆ ಕರೆದುಕೊಂಡೆ. ಆ ನಡುವಿನ ತಿಂಗಳುಗಳು ಗಾಡಿ ಹುಡುಕುವುದಕ್ಕೆ ಒದಗಿದವು.

ಹೆಸರಾಂತ ಕಂಪನಿಗಳ ಹೊಸ ಗಾಡಿ ಬೇಕೆಂದರೆ 500 ಡಾಲರಿನ ಆಸುಪಾಸು, ಇಲ್ಲವೇ ಅದಕ್ಕೂ ಮೇಲೆ. 150 ಡಾಲರಿಗೂ ಸಿಗುತ್ತವೆ. ಆದರೆ ಅಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಕುಲುಕಾಟ ತಗ್ಗಿಸುವ ಸಸ್ಪೆನ್ಷನ್ ಇರುವುದಿಲ್ಲ, ಕೈಬ್ರೇಕೂ ಇರುವುದಿಲ್ಲ. ಇಲ್ಲಿ ಮಕ್ಕಳು ಬೆಳೆದ ಮೇಲೆ ಮಾರಿಬಿಡುವವರು ಬಹಳ ಮಂದಿ. ಒಳ್ಳೆಯ ಗಾಡಿಯೇ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ನಾನು ಹಳೆಯದನ್ನೇ ಕೊಂಡೆ, ಥೂಲಿ ಅರ್ಬನ್ ಗ್ಲೈಡ್ 2. ಹಳೆಯದನ್ನು ಕೊಳ್ಳುವಾಗ ಮೊದಲ ಕೆಲಸ, ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ ಮಾದರಿ ಸಂಖ್ಯೆ ಮತ್ತು ತಯಾರಾದ ದಿನಾಂಕ ನೋಡಿ, ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪಟ್ಟಿಯಲ್ಲಿ ಅದರ ಮೇಲೇನಾದರೂ ಎಚ್ಚರಿಕೆ ಇದೆಯೇ ಎಂದು ಹುಡುಕುವುದು. ಇದು ನೆಪಕ್ಕೆ ಹೇಳುವ ಮಾತಲ್ಲ. ಬಾಬ್ ಹೆಸರಿನ ಬಹು ಜನಪ್ರಿಯ ಸ್ಟ್ರಾಲರುಗಳ ಮುಂದಿನ ಚಕ್ರ ಓಡುವಾಗ ಕಳಚಿಕೊಳ್ಳುತ್ತಿದೆ ಎಂಬ ದೂರುಗಳ ಮೇಲೆ ಆಯೋಗ 2018ರ ಫೆಬ್ರುವರಿಯಲ್ಲಿ ಅವುಗಳನ್ನು ಮಾರುತ್ತಿದ್ದ ಬ್ರಿಟಾಕ್ಸ್ ಕಂಪನಿಯ ವಿರುದ್ಧ ಕ್ರಮಕ್ಕೆ ಮುಂದಾಯಿತು. 2015ರವರೆಗೆ ಮಾರುಕಟ್ಟೆಗೆ ಬಂದಿದ್ದ ಸುಮಾರು ಐದು ಲಕ್ಷ ಗಾಡಿಗಳ ಮಾತು ಅದು. ಚಕ್ರವನ್ನು ಹಿಡಿದಿಡುವ ಸನ್ನೆಯನ್ನು (ಲಿವರ್) ಸೂಚನೆಯಂತೆ ಸರಿಯಾಗಿ ಬಿಗಿದರೆ ಏನೂ ಆಗದು ಎಂಬುದು ಕಂಪನಿಯ ವಾದವಾಗಿತ್ತು. ಅದೇ ವರ್ಷ ನವೆಂಬರಿನಲ್ಲಿ ರಾಜಿಯಾಗಿ, ಚಕ್ರ ಬಿಗಿಯುವ ಬಗೆ ತಿಳಿಸುವ ಪ್ರಚಾರ ನಡೆಸಲು, ಬೇಕೆಂದವರಿಗೆ ಬೋಲ್ಟು ಹಾಕಿ ಬಿಗಿಯುವ ಚಕ್ರದ ಅಚ್ಚಿನಂಥ ಬದಲಿ ಭಾಗ ಕೊಡಲು ಕಂಪನಿ ಒಪ್ಪಿತು. ಆ ಕಾಲದ ಗಾಡಿಗಳು ಈಗಲೂ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಆದ್ದರಿಂದ ನೋಡಿಯೇ ಕೊಳ್ಳಬೇಕು.

ಎರಡನೆಯ ಕೆಲಸಕ್ಕೆ ನಾನು ಅಕ್ಕಿ ಮೂಟೆ ಒಯ್ದೆ. ಸನ್ನಿವೇಲಿನ ಭಾರತೀಯ ಅಂಗಡಿಯಲ್ಲಿ ಸಿಗುವ 20 ಪೌಂಡಿನ ಸೋನಾ ಮಸೂರಿ, ಅಂದರೆ ಒಂಬತ್ತು ಕಿಲೋ. ಹೆಚ್ಚುಕಡಿಮೆ ವರ್ಷದ ಮಗುವಿನ ತೂಕ. ಖಾಲಿ ಗಾಡಿ ಎಲ್ಲವೂ ಹಗುರವಾಗಿ, ನಯವಾಗಿ ಓಡುತ್ತದೆ. ಭಾರ ಬಿದ್ದಾಗಲೇ ಅದರ ಗುಣ ತಿಳಿಯುವುದು. ಮಾರುವವರ ಒಪ್ಪಿಗೆ ಕೇಳಿ ಮೂಟೆಯನ್ನು ಸೀಟಿನಲ್ಲಿ ಕೂರಿಸಿದೆ. ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವಿನ ಒಂದು, ಹೀಗೆ ಐದು ಕಡೆ ಹಿಡಿಯುವ ಬೆಲ್ಟನ್ನು ಎಳೆದು ಬಿಗಿದೆ. ಬಕಲ್ ಕಟ್ ಎಂದು ಕೂರುತ್ತದೆಯೇ, ಎಳೆದರೆ ಜಾರುತ್ತದೆಯೇ, ಪಟ್ಟಿಯ ಅಂಚು ಎಲ್ಲಾದರೂ ಎಳೆಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡಿದೆ. ಚಕ್ರ ಬಿಗಿದು, ಗಾಡಿಯನ್ನು ಕೈಗೆ ಕಟ್ಟಿಡುವ ಮಣಿಕಟ್ಟಿನ ಪಟ್ಟಿ ಹಾಕಿಕೊಂಡು ಅವರ ಮನೆಯ ಮುಂದಿನ ನೇರ ರಸ್ತೆಯಲ್ಲಿ ಓಡಿದೆ. ಎರಡು ಹೆಜ್ಜೆಯ ಮಟ್ಟಿಗೆ ಹ್ಯಾಂಡಲಿನಿಂದ ಕೈ ಸಡಿಲಿಸಿದಾಗ ಗಾಡಿ ಬಲಕ್ಕೆ ವಾಲಿತು. ಹಿಂದಿನ ಟೈರುಗಳಲ್ಲಿ ಒಂದರಲ್ಲಿ ಗಾಳಿ ಕಡಿಮೆಯಿತ್ತು. ಪಂಪು ಹೊಡೆದು ಎರಡನ್ನೂ ಸಮ ಮಾಡಿದ ಮೇಲೆ ನೇರವಾಯಿತು. ಗಾಳಿ ಸಮವಿದ್ದೂ ವಾಲಿದರೆ ಮುಂದಿನ ಚಕ್ರದ ನೇರ ತಪ್ಪಿದೆ ಎಂದರ್ಥ. ಅದನ್ನು ಸರಿಪಡಿಸುವ ತಿರುಪು ಹಲವು ಮಾದರಿಗಳಲ್ಲಿ ಇರುತ್ತದೆ. ತಿರುಪಿನಿಂದಲೂ ಸರಿಹೋಗದಿದ್ದರೆ ಚೌಕಟ್ಟೇ ಬಾಗಿರಬಹುದು. ಅಂಥದ್ದನ್ನು ಎಷ್ಟು ಅಗ್ಗವಾದರೂ ಬಿಟ್ಟುಬಿಡಬೇಕು.

ಬ್ರೇಕಿನಲ್ಲಿ ಎರಡು ಬಗೆ. ನಿಲ್ಲಿಸಿದ ಗಾಡಿ ಉರುಳದಂತೆ ಕಾಲಿನಿಂದ ಒತ್ತುವುದು ಎಲ್ಲದರಲ್ಲೂ ಇರುತ್ತದೆ. ಓಡುತ್ತಿರುವಾಗ ವೇಗ ತಗ್ಗಿಸುವ ಕೈಬ್ರೇಕು ಕೆಲವದರಲ್ಲಿ ಮಾತ್ರ. ನಮ್ಮ ಹಾದಿಯ ಮೇಲ್ಸೇತುವೆ ಇಳಿಯುವಾಗ ಈ ಎರಡನೆಯದು ಇಲ್ಲದೆ ನಾನು ಹೊರಡುವುದೇ ಇಲ್ಲ. ಗಾಡಿ ಹನ್ನೊಂದು ಹನ್ನೆರಡು ಕಿಲೋ, ಮಗು ಹತ್ತು ಕಿಲೋ, ನೀರು, ಬಟ್ಟೆ, ಹಾಲಿನ ಬಾಟಲಿ ಎಲ್ಲ ಸೇರಿ ಇಳಿಜಾರಿನಲ್ಲಿ ಎಳೆಯುವ ರಭಸವನ್ನು ತೋಳಿನ ಬಲದಿಂದ ತಡೆದರೆ ಬೆನ್ನು ಹಿಡಿದುಕೊಳ್ಳುತ್ತದೆ. ಮಣಿಕಟ್ಟಿನ ಪಟ್ಟಿಯನ್ನು ಮಾತ್ರ ಸಮತಟ್ಟಿನಲ್ಲೂ ಬಿಚ್ಚುವುದಿಲ್ಲ. ನಾನು ಎಡವಿ ಬಿದ್ದರೂ ಗಾಡಿ ನನ್ನನ್ನು ಬಿಟ್ಟು ಹೋಗಬಾರದು.

ಅಳತೆಯ ವಿಷಯ ಚಿಕ್ಕದೆನಿಸಿದರೂ ದಿನಾಲೂ ಕಾಡುವಂಥದ್ದು. ನಾನು ಐದು ಅಡಿ ಎರಡು ಅಂಗುಲ, ನನ್ನ ಗಂಡ ಆರು ಅಡಿ. ಹ್ಯಾಂಡಲ್ ಮೇಲೆ ಕೆಳಗೆ ಹೊಂದಿಸಲು ಬರದಿದ್ದರೆ ಇಬ್ಬರಲ್ಲಿ ಒಬ್ಬರು ಬಾಗಿಯೋ ಭುಜ ಎತ್ತಿಯೋ ಓಡಬೇಕು. ಹ್ಯಾಂಡಲ್ ಸೊಂಟಕ್ಕಿಂತ ಸ್ವಲ್ಪ ಮೇಲಿದ್ದು, ಮೊಣಕೈ ಸಡಿಲವಾಗಿ ಮಡಚಿದ್ದರೆ ಸರಿ. ಇನ್ನೊಂದು, ಹಿಂದಿನ ಚಕ್ರಗಳ ನಡುವಿನ ಅಚ್ಚಿಗೆ ಕಾಲ್ಬೆರಳು ತಾಗುತ್ತದೆಯೇ ಎಂಬುದು. ನಡೆದು ನೋಡಿದರೆ ಇದು ಗೊತ್ತಾಗುವುದಿಲ್ಲ, ಉದ್ದ ಹೆಜ್ಜೆ ಹಾಕಿ ಓಡಿಯೇ ನೋಡಬೇಕು. ಕಾರಿನ ಡಿಕ್ಕಿಯನ್ನೂ ಅಳೆದುಕೊಳ್ಳಿ. ನಮ್ಮ ಸಣ್ಣ ಕಾರಿಗೆ ಚಕ್ರ ಬಿಚ್ಚಿದರೆ ಮಾತ್ರ ಹಿಡಿಸುತ್ತದೆ.

ಓಡುವ ರೀತಿಯೂ ತುಸು ಬದಲಾಗುತ್ತದೆ. ಎರಡೂ ಕೈಯಲ್ಲಿ ಹಿಡಿದರೆ ಮೈ ಮುಂದಕ್ಕೆ ಬಾಗಿ ಹೆಜ್ಜೆ ಗಿಡ್ಡವಾಗುತ್ತದೆ. ಸಮತಟ್ಟಾದ ದಾರಿಯಲ್ಲಿ ನಾನು ಒಂದು ಕೈಯಲ್ಲಿ ತಳ್ಳಿ ಇನ್ನೊಂದನ್ನು ಸಹಜವಾಗಿ ಬೀಸುತ್ತೇನೆ, ಸ್ವಲ್ಪ ಹೊತ್ತಿಗೊಮ್ಮೆ ಕೈ ಬದಲಿಸುತ್ತೇನೆ. ಏರಿನಲ್ಲಿ, ತಿರುವಿನಲ್ಲಿ, ಜನ ಇರುವಲ್ಲಿ ಎರಡೂ ಕೈ. ಗಡಿಯಾರದ ಕಡೆ ನೋಡುವುದನ್ನು ಬಿಟ್ಟಿದ್ದೇನೆ. ವೇಗ ಇಳಿಯುವುದು ಸಹಜ, ದುಡಿಮೆ ಮಾತ್ರ ಕಡಿಮೆಯಾಗುವುದಿಲ್ಲ.

ಮಗು ಕೂತೇ ಇರುತ್ತದೆ ಎಂಬುದನ್ನು ಓಡುವ ಹುರುಪಿನಲ್ಲಿ ಮರೆಯಬಾರದು. ನಮಗೆ ಬೆವರು ಹರಿಯುತ್ತಿರುವಾಗ ಅದಕ್ಕೆ ಚಳಿ. ಕೊಲ್ಲಿಯ ಗಾಳಿ ಬೀಸುವ ಬೆಳಗುಗಳಲ್ಲಿ ಅಮ್ಮ ಹೆಣೆದು ಕಳಿಸಿದ ಕುಲಾವಿ ಕಟ್ಟಿ, ಕಾಲಿಗೆ ಹೊದಿಕೆ ಸುತ್ತಿ, ಅದರ ತುದಿ ಚಕ್ರಕ್ಕೆ ಸಿಗದಂತೆ ಒಳಗೆ ಸಿಕ್ಕಿಸುತ್ತೇನೆ. ಬಿಸಿಲಿಗೆ ಗಾಡಿಯ ಚಪ್ಪರವೇ ಸಾಕು. ಮೇಲಿನಿಂದ ಬಟ್ಟೆ ಇಳಿಬಿಟ್ಟು ಮುಚ್ಚಿದರೆ ಗಾಳಿಯಾಡದೆ ಒಳಗೆ ಸೆಕೆ ಏರುತ್ತದೆ, ಅದು ಎಳೆಮಕ್ಕಳಿಗೆ ಅಪಾಯ. ಚಪ್ಪರದಲ್ಲಿ ಇಣುಕಿ ನೋಡುವ ಕಿಂಡಿ ಇರುವ ಗಾಡಿಯನ್ನೇ ಆರಿಸಿ. ಮಗಳು ನಿದ್ದೆ ಹೋದಾಗ ತಲೆ ಮುಂದಕ್ಕೆ ಜೋತುಬಿದ್ದಿದೆಯೇ ಎಂದು ಅದರಿಂದಲೇ ನೋಡುತ್ತೇನೆ. ಬಿದ್ದಿದ್ದರೆ ನಿಂತು ಸೀಟನ್ನು ಹಿಂದಕ್ಕೆ ವಾಲಿಸಿ, ಉಳಿದ ದಾರಿಯನ್ನು ನಡೆದೇ ಮುಗಿಸುತ್ತೇನೆ.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ತಾನೂ ಒಂದನ್ನು ತರಿಸಿಕೊಳ್ಳಲೇ ಎಂದು ಕೇಳಿದಳು. ಮನೆ ಬಾಗಿಲಿನಿಂದಲೇ ಓಡುವ ಯೋಚನೆಯಿದ್ದರೆ ಬೇಡ ಎಂದೆ. ಹತ್ತು ಹೆಜ್ಜೆಗೊಮ್ಮೆ ಏರಿಳಿಯುವ ಫುಟ್‌ಪಾತು, ಎದುರಿನಿಂದ ಬರುವ ಸ್ಕೂಟರು, ಬೀದಿನಾಯಿ, ಇವುಗಳ ನಡುವೆ ಎಷ್ಟು ಒಳ್ಳೆಯ ಗಾಡಿಯೂ ಮಗುವನ್ನು ಕಾಯಲಾರದು. ಕಬ್ಬನ್ ಪಾರ್ಕಿಗೆ ವಾಹನಗಳನ್ನು ಬಿಡದ ಬೆಳಗಿನ ಹೊತ್ತಿನಲ್ಲಿ ಹೋಗುವುದು ಸಾಧ್ಯವಿದ್ದರೆ, ಕಾರಿನಲ್ಲಿ ಹಾಕಿಕೊಂಡು ಹೋಗಿ ಅಲ್ಲಿ ಓಡು ಎಂದೆ. ಹಾಗಾದರೆ ಮಡಚಿದಾಗಿನ ಅಳತೆಯೇ ಅವಳಿಗೆ ನನಗಿಂತ ಮುಖ್ಯವಾಗುತ್ತದೆ. ಆ ಗಾತ್ರದ ಟ್ಯೂಬು ಹತ್ತಿರದ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸು ಎಂದೂ ಸೇರಿಸಿದೆ.

ಸ್ಪರ್ಧೆಗೆ ಸ್ಟ್ರಾಲರ್ ಒಯ್ಯುವ ಆಸೆಯಿದ್ದವರು ಹೆಸರು ನೋಂದಾಯಿಸುವ ಮುನ್ನ ನಿಯಮ ಓದಿಕೊಳ್ಳಿ. ಬಾಸ್ಟನ್ ಮ್ಯಾರಥಾನ್‌ನಂಥ ದೊಡ್ಡ ಓಟಗಳಲ್ಲಿ ಬಿಡುವುದಿಲ್ಲ. ಊರಿನ ಸಣ್ಣ ಓಟಗಳಲ್ಲಿ ಬಿಡುವ ಕಡೆಯೂ ಗುಂಪಿನ ಕೊನೆಯಲ್ಲಿ ನಿಂತು ಹೊರಡುವುದು ವಾಡಿಕೆ.

ಮಗಳನ್ನು ಕೂರಿಸುವ ಮೊದಲು ಪ್ರತಿ ಸಲವೂ ಮಾಡುವ ತಪಾಸಣೆಯೊಂದಿದೆ. ಟೈರನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ಎಷ್ಟು ಗಾಳಿ ಹಿಡಿಯಬೇಕು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅದಕ್ಕಿಂತ ಹೆಚ್ಚು ತುಂಬುವುದಿಲ್ಲ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದು ಅಲುಗಾಡಿಸುತ್ತೇನೆ. ಕಟಕಟ ಸದ್ದು ಬಂದರೆ ಬಿಗಿ ಸಡಿಲವಾಗಿದೆ ಎಂದು ಗೊತ್ತಾಗುತ್ತದೆ. ಹಿಂದಿನ ಚಕ್ರಗಳನ್ನು ಒಂದೊಂದಾಗಿ ಹೊರಕ್ಕೆ ಎಳೆಯುತ್ತೇನೆ. ಡಿಕ್ಕಿಯಿಂದ ಇಳಿಸಿ ಜೋಡಿಸಿದ ದಿನವಂತೂ ಎರಡು ಸಲ ಎಳೆಯುತ್ತೇನೆ. ಕೈಬ್ರೇಕು ಹಿಡಿಯುತ್ತದೆಯೇ ಎಂದು ಒಮ್ಮೆ ತಳ್ಳಿ ನೋಡುತ್ತೇನೆ. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. ನನ್ನ ಗಂಡ ಅವಳನ್ನು ಕರೆದುಕೊಂಡು ಹೋಗುವ ದಿನವೂ ಇದೆಲ್ಲ ಮುಗಿದ ಮೇಲೆಯೇ ಬೆಲ್ಟು ಹಾಕುವುದು.