ಸೊಪ್ಪಿನ ರೋಮ ಮತ್ತು ಕೊಕ್ಕೆಹುಳು: ಮೈಕ್ರೋಸ್ಕೋಪ್ ಮುಂದೆ ನನ್ನ ಅನುಭವ

ಮೈಸೂರಿನಲ್ಲಿ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ಮಂಡ್ಯದ ಒಂದು ಲ್ಯಾಬ್‌ಗೆ ಕೆಲಸಕ್ಕೆ ಸೇರಿದ ಎರಡನೇ ವಾರ. ಮಲಪರೀಕ್ಷೆಯ ಸ್ಲೈಡ್‌ನಲ್ಲಿ ಉದ್ದಕ್ಕೆ, ತುಸು ಬಾಗಿದ, ತುದಿ ಚೂಪಾದ ಏನೋ ಕಂಡಿತು. ಪುಸ್ತಕದಲ್ಲಿದ್ದ ಮರಿಹುಳದ ಚಿತ್ರದ ಹಾಗೇ ಇತ್ತು. ‘ಲಾರ್ವಾ ಇದೆ’ ಎಂದು ಬರೆದುಬಿಟ್ಟೆ. ಸಹಿ ಹಾಕುವ ಮುಂಚೆ ನಮ್ಮ ಮೇಡಂ ಅದೇ ಸ್ಲೈಡನ್ನು ನೋಡಿದರು. “ಇದರ ಕರುಳೆಲ್ಲಿದೆ, ತೋರಿಸಮ್ಮ” ಅಂದರು.

ನನಗೆ ತೋರಿಸಲು ಆಗಲಿಲ್ಲ. ಹುಳು ಅಂದಮೇಲೆ ಒಳಗೆ ಗಂಟಲು, ಕರುಳು ಕಾಣಬೇಕು. ಇದರೊಳಗೆ ಟೊಳ್ಳು ಗೆರೆ ಬಿಟ್ಟರೆ ಏನೂ ಇಲ್ಲ. ಒಂದು ತುದಿ ಚೂಪು, ಇನ್ನೊಂದು ಕಿತ್ತು ಬಂದ ಹಾಗೆ. ಅದು ಸೊಪ್ಪಿನ ರೋಮ, ಎಲೆಯ ಮೇಲಿರುವ ಸಣ್ಣ ಕೂದಲು. ಆ ಮನುಷ್ಯ ಸೊಪ್ಪಿನ ಸಾರು ಉಂಡಿದ್ದರು, ಅಷ್ಟೇ. ಆ ರಿಪೋರ್ಟ್ ಹೊರಗೆ ಹೋಗಿದ್ದರೆ ಇಲ್ಲದ ಹುಳುವಿಗೆ ಅವರು ಔಷಧಿ ನುಂಗುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ರೋಗಾಣುವನ್ನು ಗುರುತಿಸುವ ಮುಂಚೆ, ರೋಗಾಣು ಅಲ್ಲದ್ದನ್ನು ಗುರುತಿಸಲು ಕಲಿಯಿರಿ. ಪುಸ್ತಕಗಳು ಇದಕ್ಕೆ ಕೊನೆಯಲ್ಲೆಲ್ಲೋ ಒಂದು ಪುಟ ಕೊಡುತ್ತವೆ. ನನ್ನ ಪ್ರಕಾರ ಅದೇ ಮೊದಲ ಪಾಠ ಆಗಬೇಕು.

ಮರುದಿನದಿಂದ ಸಂಜೆ ಕೆಲಸ ಮುಗಿದ ಮೇಲೆ ನಾನೇ ಸ್ಲೈಡ್ ಮಾಡಿ ನೋಡತೊಡಗಿದೆ. ಒಂದು ತೊಟ್ಟು ಎಣ್ಣೆ. ಬೇಕೆಂದೇ ಬಿಟ್ಟ ಗಾಳಿಗುಳ್ಳೆ. ಆಲೂಗಡ್ಡೆ ಕೆರೆದ ನೀರು. ಇದಕ್ಕೆ ಅಯೋಡಿನ್ ಬಿಟ್ಟರೆ ಪಿಷ್ಟದ ಕಣಗಳು ಕಪ್ಪು ನೀಲಿ ಆಗುತ್ತವೆ. ಹೂವಿನ ಪರಾಗ ದುಂಡಗೆ, ಮೇಲೆಲ್ಲ ಉಬ್ಬುಗಳು. ಅವಸರದಲ್ಲಿ ನೋಡಿದರೆ ಜಂತುಹುಳುವಿನ ಮೊಟ್ಟೆ ಅನ್ನಿಸುತ್ತದೆ. ಹರಿವೆ ಸೊಪ್ಪು, ಕುಂಬಳದ ಕುಡಿ, ಏನು ಸಿಕ್ಕಿದರೂ ಉಜ್ಜಿ ನೋಡಿದೆ. ಒಂದು ತಿಂಗಳಲ್ಲಿ ಕಣ್ಣಿಗೆ ಧೈರ್ಯ ಬಂತು.

ಇನ್ನೊಂದು, ಅಳತೆ. ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ ಅಂದರೆ ಒಂದು ಮೈಕ್ರಾನ್. ನಮ್ಮ ಕೆಂಪು ರಕ್ತಕಣ ಸುಮಾರು 7 ಮೈಕ್ರಾನ್ ಅಗಲ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್. ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳುವಿನ ಮೊಟ್ಟೆ ಸುಮಾರು 60 ಮೈಕ್ರಾನ್ ಉದ್ದ. ಬ್ಯಾಕ್ಟೀರಿಯಾ ಒಂದು ರಾಗಿ ಕಾಳಿನಷ್ಟು ಅಂದುಕೊಂಡರೆ, ಈ ಮೊಟ್ಟೆ ಒಂದು ಸಣ್ಣ ಮುದ್ದೆಯಷ್ಟು. ಬ್ಯಾಕ್ಟೀರಿಯಾಗೆ ಬಣ್ಣ ಹಾಕಿ, ಸ್ಲೈಡ್ ಮೇಲೆ ಒಂದು ತೊಟ್ಟು ಎಣ್ಣೆ ಹಾಕಿ, ಸಾವಿರ ಪಟ್ಟು ದೊಡ್ಡದು ಮಾಡಿ ನೋಡಬೇಕು. ಹುಳುವಿನ ಮೊಟ್ಟೆಗೆ ನೂರು ಪಟ್ಟು ಸಾಕು. ವೈರಸ್‌ಗಳು ನಮ್ಮ ಮೈಕ್ರೋಸ್ಕೋಪ್‌ಗೆ ಸಿಗುವುದೇ ಇಲ್ಲ.

ಬ್ಯಾಕ್ಟೀರಿಯಾ ಬಗ್ಗೆ ಹೆದರಿಕೆ ಇಟ್ಟುಕೊಂಡೇ ಮಕ್ಕಳು ಲ್ಯಾಬ್‌ಗೆ ಕಲಿಯಲು ಬರುತ್ತಾರೆ. ಅವರ ಕೈಯಲ್ಲಿ ನಾನು ಮೊದಲು ಮೊಸರು ನೋಡಿಸುತ್ತೇನೆ. ಮೊಸರಿಗಿಂತ ಅದರ ಮೇಲೆ ನಿಂತ ನೀರು ಒಳ್ಳೆಯದು, ಕೊಬ್ಬು ಕಮ್ಮಿ. ತೆಳ್ಳಗೆ ಹರಡಿ, ಗಾಳಿಗೆ ಒಣಗಿಸಿ, ದೀಪದ ಮೇಲೆ ಎರಡು ಮೂರು ಸಲ ಆಡಿಸಬೇಕು. ಆಮೇಲೆ ಕ್ರಿಸ್ಟಲ್ ವಯಲೆಟ್ ಎಂಬ ನೇರಳೆ ಬಣ್ಣ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲ್‌ನಲ್ಲಿ ಬೇಗ ತೊಳೆದು, ಕೊನೆಗೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಪ್ರಕಟಿಸಿದ ಈ ಬಣ್ಣದ ವಿಧಾನ ಇವತ್ತಿಗೂ ನಮ್ಮ ದಿನದ ಕೆಲಸ. ಆಲ್ಕೋಹಾಲ್ ಜಾಸ್ತಿ ಹೊತ್ತು ಬಿಟ್ಟರೆ ನೇರಳೆ ಉಳಿಯಬೇಕಾದ್ದೂ ಕೆಂಪಾಗಿಬಿಡುತ್ತದೆ. ಹೊಸಬರ ಕೈ ತಪ್ಪುವುದು ಹೆಚ್ಚಾಗಿ ಅಲ್ಲೇ. ಸರಿಯಾಗಿ ಬಂದರೆ ನೇರಳೆ ಕಡ್ಡಿಗಳು, ಸರದ ಹಾಗೆ ಪೋಣಿಸಿದ ಗುಂಡುಗಳು ಕಾಣುತ್ತವೆ. ಅಮ್ಮ ದಿನಾ ಹಾಲಿಗೆ ಹಾಕುವ ಹೆಪ್ಪು ಅಂದರೆ ಇವೇ!

ನಾವು ಲ್ಯಾಬ್‌ನಲ್ಲಿ ಮಾಡುವ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವುದು ಕೂಡ ಹೆಪ್ಪು ಹಾಕುವ ಕೆಲಸವೇ ಅಲ್ವಾ? ಹಾಲಿನ ಬದಲು ಅಗಾರ್ (ಕಡಲಪಾಚಿಯಿಂದ ತೆಗೆದ, ಹೆಪ್ಪುಗಟ್ಟುವ ಅಂಟು) ತಟ್ಟೆ, ಒಲೆಯ ಪಕ್ಕದ ಬೆಚ್ಚನೆ ಜಾಗದ ಬದಲು 37 ಡಿಗ್ರಿಯ ಇನ್‌ಕ್ಯುಬೇಟರ್. ಅಗಾರ್ ಬಂದದ್ದೂ ಅಡುಗೆಮನೆಯಿಂದ. ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್ ಅವರ ಲ್ಯಾಬ್‌ನಲ್ಲಿ ಮೊದಲು ಜೆಲಾಟಿನ್ ಬಳಸುತ್ತಿದ್ದರು. ಅದು ಬೆಚ್ಚಗಾದರೆ ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಹೆಂಡತಿ ಫ್ಯಾನಿ ಹೆಸ್ಸೆ, ತಾನು ಅಡುಗೆಯಲ್ಲಿ ಬಳಸುತ್ತಿದ್ದ ಅಗಾರ್ ಹಾಕಿ ನೋಡಿ ಎಂದು 1881ರಲ್ಲಿ ಸೂಚಿಸಿದರು. ಆ ಹೆಣ್ಣುಮಗಳ ಹೆಸರನ್ನು ನಾನು ಪ್ರತಿ ಬ್ಯಾಚ್‌ಗೂ ಹೇಳುತ್ತೇನೆ.

ಮತ್ತೆ ಮಲದ ಸ್ಲೈಡ್‌ಗೆ ಬರುತ್ತೇನೆ. ಸ್ಲೈಡ್‌ನ ಒಂದು ಕಡೆ ಸಲೈನ್ (ತೆಳು ಉಪ್ಪಿನ ದ್ರಾವಣ), ಇನ್ನೊಂದು ಕಡೆ ಅಯೋಡಿನ್, ಒಂದೊಂದೇ ಹನಿ. ಬೆಂಕಿಕಡ್ಡಿಯ ತುದಿಯಷ್ಟು ಮಲ ಸಾಕು. ಕಲಸಿದ ಮೇಲೆ ಸ್ಲೈಡನ್ನು ದಿನಪತ್ರಿಕೆಯ ಮೇಲಿಡಿ. ಅಕ್ಷರ ಓದಲು ಬರಬೇಕು. ಬರದಿದ್ದರೆ ದಪ್ಪ ಆಗಿದೆ. ಮೇಲೆ ಮುಚ್ಚುವ ತೆಳು ಗಾಜು, ಕವರ್ ಸ್ಲಿಪ್, ಓರೆಯಾಗಿ ಇಳಿಸಿದರೆ ಗಾಳಿಗುಳ್ಳೆ ಕಮ್ಮಿ. ಬೆಳಕು ಜಾಸ್ತಿ ಇಡಬೇಡಿ, ಮೊಟ್ಟೆಯ ತೆಳು ಸಿಪ್ಪೆ ಕಾಣದೇ ಹೋಗುತ್ತದೆ. ಆಮೇಲೆ ಒಂದು ಮೂಲೆಯಿಂದ ಶುರುಮಾಡಿ, ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹೋಗಬೇಕು. ಸುಮ್ನೆ ಅಲ್ಲೊಂದು ಇಲ್ಲೊಂದು ನೋಡಿ ‘ಏನೂ ಇಲ್ಲ’ ಎಂದು ಬರೆಯುವುದು ನನಗೆ ಸಹಿಸಲಾಗದ ತಪ್ಪು.

ಸ್ಯಾಂಪಲ್ ತಾಜಾ ಇರಬೇಕು, ಮೂತ್ರ ಬೆರೆತಿರಬಾರದು. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ತಂದದ್ದನ್ನು ಮಧ್ಯಾಹ್ನ ನೋಡಿದರೆ ಓಡಾಡುವ ಅಮೀಬಾ ಅಷ್ಟರಲ್ಲಿ ಸತ್ತಿರುತ್ತದೆ. ಕೊಕ್ಕೆಹುಳುವಿನ ಮೊಟ್ಟೆಗೆ ಇದರ ಉಲ್ಟಾ. ಒಂದೆರಡು ದಿನ ಹಾಗೇ ಬಿಟ್ಟರೆ ಒಡೆದು ಮರಿ ಹೊರಗೆ ಬಂದಿರುತ್ತದೆ.

ಕಬ್ಬಿನ ಹೊಲದಲ್ಲಿ ಕೂಲಿ ಮಾಡುವ ಒಬ್ಬ ತಾಯಿ ಬಂದದ್ದು ಈ ಕೆಲಸದಲ್ಲಿ ನನಗೆ ಮರೆಯಲಾಗದ ದಿನ. ಮುಖ ಬಿಳಿಚಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ತೀರಾ ಕಮ್ಮಿ, 6ರ ಆಸುಪಾಸು. ಮಲದ ಸ್ಲೈಡ್‌ನಲ್ಲಿ ಮೊಟ್ಟೆಗಳು. ತೆಳು ಸಿಪ್ಪೆ, ಒಳಗೆ ನಾಲ್ಕು ಭಾಗವಾದ ತಿರುಳು, ಸುತ್ತ ತಿಳಿಯಾದ ಜಾಗ. ಈ ಸಲ ಅನುಮಾನವೇ ಇರಲಿಲ್ಲ.

“ನಾವು ಬಿಸಿ ಮುದ್ದೆ ಉಣ್ಣೋರು ಕಣವ್ವ, ಹೊರಗಿನ ತಿಂಡಿ ಮುಟ್ಟಲ್ಲ. ಹುಳ ಎಲ್ಲಿಂದ ಬಂತು?” ಅಂದರು.

“ಬಾಯಿಂದ ಅಲ್ಲ ಅಮ್ಮ, ಕಾಲಿಂದ” ಅಂದೆ. ಅವರು ನಂಬಲಿಲ್ಲ. ಪಕ್ಕ ಕೂತು ಹೇಳಿದೆ. ಮಲದ ಜೊತೆ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ನೆರಳು, ತೇವ, ಸಡಿಲ ಮಣ್ಣು ಇದ್ದರೆ ಮರಿಯಾಗಿ ಕಾಯುತ್ತದೆ. ಬರಿಗಾಲು ಸಿಕ್ಕಿದರೆ ಚರ್ಮ ತೂರಿ ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಶ್ವಾಸಕೋಶ, ಗಂಟಲು. ನುಂಗಿದಾಗ ಕರುಳು. ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳು ದಿನಕ್ಕೆ ಕುಡಿಯುವುದು ಕೆಲವೇ ಹನಿ. ನೂರಾರು ಹುಳು, ಹಲವು ವರ್ಷ ಅಂದರೆ ಲೆಕ್ಕ ಬೇರೆ. ಅವರು ತಮ್ಮ ಪಾದ ನೋಡಿಕೊಂಡರು. ಮನೆಯಲ್ಲಿ ಶೌಚಾಲಯ ಇದೆಯಂತೆ. ಹೊಲದಲ್ಲಿ ಕೆಲಸವಿದ್ದಾಗ ಎಲ್ಲರೂ ಕಬ್ಬಿನ ಮರೆಗೇ ಹೋಗುವುದು. ಕಾಲಿನ ಬೆರಳ ಸಂದಿ ನವೆ ಬರುತ್ತಿದ್ದದ್ದು ನಿಜ ಅಂದರು.

ಡಾಕ್ಟರು ಹುಳುವಿನ ಔಷಧಿ ಆಲ್ಬೆಂಡಜೋಲ್ ಕೊಟ್ಟರು, ಕಬ್ಬಿಣದ ಮಾತ್ರೆ ಬರೆದರು. ಮೂರು ತಿಂಗಳ ಮೇಲೆ ಆ ತಾಯಿ ಮತ್ತೆ ಬಂದರು. ಈ ಸಲ ಸಲೈನ್ ಸ್ಲೈಡ್ ಜೊತೆ ಉಪ್ಪುನೀರಿನ ಪರೀಕ್ಷೆಯನ್ನೂ ಮಾಡಿದೆ. ಇನ್ನು ಕರಗುವುದಿಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಮಲ ಕಲಸಿ, ಸಣ್ಣ ಬಾಟಲಿಯ ಅಂಚಿನವರೆಗೆ ತುಂಬಿ, ಮೇಲೆ ಸ್ಲೈಡ್ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಮೊಟ್ಟೆಗಳು ತೇಲಿ ಗಾಜಿಗೆ ಅಂಟಿಕೊಳ್ಳುತ್ತವೆ.

“ಚಪ್ಲಿ ಕೆಸರಲ್ಲಿ ಕಿತ್ತೋಯ್ತದೆ ಕಣವ್ವ, ಮಗ ಬೂಟ್ಸು ತಂದವ್ನೆ” ಎಂದು ಅವರು ಹೇಳುತ್ತಿದ್ದರು. ನಾನು ಸಾಲು ಸಾಲಾಗಿ ನೋಡುತ್ತಾ ಹೋದೆ. ಉಪ್ಪುನೀರಿನ ಸ್ಲೈಡ್‌ನಲ್ಲಿ ಒಂದೂ ಮೊಟ್ಟೆ ಇರಲಿಲ್ಲ. ಸಲೈನ್ ಸ್ಲೈಡ್‌ನಲ್ಲಿ ಒಂದು ಸೊಪ್ಪಿನ ರೋಮ ಇತ್ತು.