ಮೂರೂ ಅಂಗಡಿಯಲ್ಲಿ ಒಂದೇ ದರವೇ? ಹೀಗೆ ಪರೀಕ್ಷಿಸಿ

ಮಳೆಗಾಲ ಹತ್ತಿರ ಬಂತು. ತೋಟಕ್ಕೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ಮೈಲುತುತ್ತ (ಕಾಪರ್ ಸಲ್ಫೇಟ್) ಬೇಕು. ಚಿಕ್ಕಮಗಳೂರಿನ ಮೂರು ಅಂಗಡಿಗಳಲ್ಲಿ ಕೊಟೇಶನ್ ಕೇಳಿದಿರಿ. ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ದರ. ಒಳಗೊಳಗೇ ಮಾತಾಡಿಕೊಂಡಿದ್ದಾರಾ ಎಂಬ ಅನುಮಾನ ಬರುತ್ತದೆ, ಅಲ್ವಾ?

ಮೊದಲು ಅಸಲಿನ ಲೆಕ್ಕ ನೋಡಿ. ಮೈಲುತುತ್ತ ತಾಮ್ರದಿಂದ ಆಗುವುದು. ತಾಮ್ರ ತುಟ್ಟಿಯಾದರೆ ಎಲ್ಲರ ದರವೂ ಒಟ್ಟಿಗೇ ಏರುತ್ತದೆ. ಅದರಲ್ಲಿ ಮೋಸವಿಲ್ಲ. ತಾಮ್ರ ಇಳಿದು ತಿಂಗಳುಗಳಾದರೂ ಯಾರೊಬ್ಬರೂ ದರ ಇಳಿಸದಿದ್ದರೆ ಮಾತ್ರ ಮುಂದೆ ಹುಡುಕಿ. ಲಾರಿ ಬಾಡಿಗೆಗೆ ಡೀಸೆಲ್ ಬೆಲೆ ಇಟ್ಟು ಹೀಗೇ ನೋಡಬಹುದು.

ಆಮೇಲೆ ಮೂರ್ನಾಲ್ಕು ವರ್ಷದ ಕೊಟೇಶನ್‌ಗಳನ್ನೆಲ್ಲ ಮೇಜಿನ ಮೇಲೆ ಹರಡಿ. ಮುಖ್ಯ ಕೆಲಸ ಇದೇ, ಅವಸರ ಬೇಡ. ಪ್ರತಿ ಸಲ ಯಾರ ದರ ಕಡಿಮೆ ಇತ್ತು ಎಂದು ಬರೆಯಿರಿ. ಒಂದು ವರ್ಷ ಇವರು, ಮರುವರ್ಷ ಅವರು ಎಂದು ಸರದಿ ಕಾಣುತ್ತಿದೆಯೇ? ಉಳಿದವರ ದರ ಯಾರೂ ಕೊಳ್ಳದಷ್ಟು ಜಾಸ್ತಿಯೇ? ಕೊಟೇಶನ್ನೇ ಕೊಡದೆ ಹಿಂದೆ ಸರಿದವರ ಗೋದಾಮಿನಿಂದಲೇ ಕೊನೆಗೆ ಮಾಲು ಬಂತೇ? ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ಓದಿ. ಎರಡು ಬೇರೆ ಅಂಗಡಿಗಳ ಕೊಟೇಶನ್‌ನಲ್ಲಿ ಒಂದೇ ಕಾಗುಣಿತದ ತಪ್ಪು, ಮೊತ್ತ ಕೂಡಿಸುವಲ್ಲಿ ಒಂದೇ ತಪ್ಪು ಇದ್ದರೆ ಅದನ್ನು ಸುಮ್ನೆ ಬಿಡಬೇಡಿ. ಒಬ್ಬರೇ ಕೂತು ಎರಡನ್ನೂ ಬರೆದಿರಬಹುದು.

ಹಾಸನ, ಶಿವಮೊಗ್ಗದಿಂದಲೂ ದರ ತರಿಸಿ. ಸಾಗಣೆ ಸೇರಿಸಿಯೂ ಕಡಿಮೆ ಬಿದ್ದರೆ ಅನುಮಾನಕ್ಕೆ ಬಲ ಬರುತ್ತದೆ. ಹೊರಗಿನವರು ಬಂದ ಕೂಡಲೇ ಊರಿನವರೆಲ್ಲ ಒಟ್ಟಿಗೆ ಇಳಿಸಿದರೆ ಅದೂ ಒಂದು ಗುರುತು. "ಆ ಕಡೆಗೆ ನಾವು ಕೊಡಲ್ಲ, ಅದು ಅವರ ಏರಿಯಾ" ಎಂದರೆ, ಆ ಮಾತನ್ನು ತಾರೀಖಿನ ಸಮೇತ ಬರೆದಿಡಿ.

ದಯವಿಟ್ಟು ಅಂಗಡಿಗೆ ಹೋಗಿ ಜಗಳ ಆಡಬೇಡಿ. ನಿಮಗೆ ಗೊತ್ತಾಗಿದೆ ಎಂದು ಅವರಿಗೆ ತಿಳಿದರೆ ಸಾಕ್ಷಿ ಮಾಯವಾಗುತ್ತದೆ. ದರ ಒಂದೇ ಇದೆ ಎಂಬುದಷ್ಟೇ ಸಾಲದು, ಮಾತಾಡಿಕೊಂಡಿದ್ದಾರೆ ಎನ್ನುವುದಕ್ಕೆ ಆಧಾರ ಬೇಕು. ವಾಟ್ಸಾಪ್ ಸಂದೇಶ, ಲಕೋಟೆ, ಬಿಲ್ಲು ಎಲ್ಲವನ್ನೂ ಜೋಪಾನ ಮಾಡಿ.

ಹೀಗೆ ಸೇರಿಕೊಂಡು ದರ ಕಟ್ಟುವುದನ್ನು 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸುತ್ತದೆ. ದೆಹಲಿಯ ಭಾರತೀಯ ಸ್ಪರ್ಧಾ ಆಯೋಗಕ್ಕೆ ನೀವೇ ಮಾಹಿತಿ ಸಲ್ಲಿಸಬಹುದು. ಹೆಸರು ಗುಟ್ಟಾಗಿಡಿ ಎಂದು ಕೇಳಲೂಬಹುದು. 2023ರ ತಿದ್ದುಪಡಿಯ ನಂತರ ಇದಕ್ಕೆ ಸಾಮಾನ್ಯವಾಗಿ 3 ವರ್ಷದ ಗಡುವಿದೆ. ಕೂಟದಲ್ಲಿದ್ದವರೇ ಮೊದಲು ಬಂದು ಪೂರ್ತಿ ವಿಷಯ ಬಿಚ್ಚಿಟ್ಟರೆ ಅವರ ದಂಡ ಪೂರಾ ಮಾಫಿ ಆಗುವ ಅವಕಾಶವೂ ಉಂಟು.

ಮುಂದಿನ ಖರೀದಿಗೆ ಮುಚ್ಚಿದ ಲಕೋಟೆಯಲ್ಲಿ ದರ ಕೇಳಿ. ಬೇರೆ ಯಾರನ್ನು ಕೇಳಿದ್ದೀರಿ ಎಂದು ಯಾರಿಗೂ ಹೇಳಬೇಡಿ, ಎಷ್ಟೇ ಹಳೇ ಪರಿಚಯದವರಾದರೂ.